ಮೆಟ್ಟಿಲ ಕೆಳಗೆ

ಕಾಮಾಕ್ಷಿಪಾಳ್ಯದಲ್ಲಿ, ಲೇತ್ ಮಿಷನ್ನುಗಳ ಸದ್ದಿನ ಹಿಂದೆ
ಒಂದು ವಠಾರ.
ಬಾಗಿಲಲ್ಲೇ, ಚರಂಡಿಗೆ ಮುಖ ಮಾಡಿ
ಅರ್ಧ ಹೂತುಹೋದ ಮೀಟರು.
ಹತ್ತೊಂಬತ್ತು ವರ್ಷ ಅದನ್ನು ಓದಿದ್ದೇನೆ:
ಗಾಜಿನ ಕೆಸರು ಹೆಬ್ಬೆರಳಲ್ಲಿ ಒರೆಸಿ,
ಹೆಗಲ ಮಿಷನ್ನಿಗೆ ಅಂಕಿ ಒತ್ತಿ,
ಕರಕರ ಬರುವ ಬಿಲ್ಲು ಹರಿದು
ಮುನಿಲಕ್ಷ್ಮಮ್ಮನ ಕೈಗಿಟ್ಟು,
ಆಕೆ ಕನ್ನಡಕ ಹುಡುಕುವುದರೊಳಗೆ
ಓಡಿಬಿಡುತ್ತಿದ್ದೆ.

ಓಡಲೇಬೇಕಿತ್ತು.
ನಮ್ಮ ದರಪಟ್ಟಿಗೆ ಮೆಟ್ಟಿಲುಗಳಿವೆ.
ಕಮ್ಮಿ ಬಳಸಿದವರಿಗೆ ಕೆಳಗಿನ ಮೆಟ್ಟಿಲು, ಅಗ್ಗ;
ಹತ್ತಿದ ಹಾಗೆಲ್ಲ ದುಬಾರಿ.
ಬಡವರಿಗೆಂದೇ ಯಾರೋ ಒಳ್ಳೆಯವರು
ಕೂತು ಕಟ್ಟಿದ ಮೆಟ್ಟಿಲು, ಸುಳ್ಳಲ್ಲ.
ಆದರೆ ಮೀಟರಿಗೆ ಬಾಯಿ ಎಣಿಸಲು ಬರುವುದಿಲ್ಲ.
ಹನ್ನೊಂದು ಮನೆಯ ಬೇಳೆ ಬೆಂದ ನೀರು,
ಹನ್ನೊಂದು ಮನೆಯ ಕೂಸುಗಳ ಕುಂಡೆ ತೊಳೆದ ನೀರು
ಒಂದೇ ಕೊಳವೆಯಲ್ಲಿ ಬಂದು
ಒಂದೇ ಗಾಲಿ ತಿರುಗಿಸಿ
ತಿಂಗಳ ಕೊನೆಗೆ ಹೋಗಿ ನಿಲ್ಲುವುದು
ತುತ್ತತುದಿಯ ಮೆಟ್ಟಿಲಲ್ಲಿ,
ಬಸವೇಶ್ವರನಗರದಲ್ಲಿ ಇಬ್ಬರೇ ಇದ್ದು
ದಿನಾ ಕಾರಿಗೆ ಸ್ನಾನ ಮಾಡಿಸುವವರ ಪಕ್ಕ.

ದುಡ್ಡನ್ನು ನೀರಿನ ಹಾಗೆ ಚೆಲ್ಲಬೇಡಿ ಅನ್ನುತ್ತಾರಲ್ಲ,
ಇಲ್ಲಿ ನೀರನ್ನು ದುಡ್ಡಿನ ಹಾಗೆ ಮಡಚಿಡುತ್ತಾರೆ.
ಅಕ್ಕಿ ತೊಳೆದದ್ದು ಪಾತ್ರೆಗೆ,
ಪಾತ್ರೆ ತೊಳೆದದ್ದು ನೆಲಕ್ಕೆ,
ನೆಲ ಒರೆಸಿದ್ದು ಕಕ್ಕಸಿಗೆ.

ನೀರಿನ ಅದಾಲತ್ತಿಗೆ ಮುನಿಲಕ್ಷ್ಮಮ್ಮ ಮೂರು ಸಲ ಹೋದಳು.
ಮೊದಲ ಸಲ ಸಾಹೇಬರು ರಜೆ.
ಎರಡನೇ ಸಲ ಜೆರಾಕ್ಸು ಸಾಲದು.
ಮೂರನೇ ಸಲ, ಮೈಕು ಕೊಟ್ಟರೂ ಮುಟ್ಟದೆ, ಕೇಳಿದಳು:
"ಸಾ, ಒಂದೇ ತಟ್ಟೇಲಿ ಹನ್ನೊಂದು ಜನ ಉಂಡ್ರೆ
ಆ ತಟ್ಟೇನ ಹೊಟ್ಟೆಬಾಕ ಅಂತೀರಾ?"
ಯಾರೋ ನಕ್ಕರು.
ಸಾಹೇಬರು ನಗಲಿಲ್ಲ, ಬರೆದುಕೊಂಡರು.

ಎರಡು ಬೇಸಿಗೆ ಕಳೆದ ಮೇಲೆ ಸುತ್ತೋಲೆ ಬಂತು.
ಮೀಟರಿನ ಅಂಕಿಯನ್ನು ಮನೆಗಳ ಸಂಖ್ಯೆಯಿಂದ ಭಾಗಿಸತಕ್ಕದ್ದು.
ಮನೆ ಎಂದರೆ, ಪ್ರತ್ಯೇಕ ಒಲೆಯುಳ್ಳದ್ದು.
ಎಣಿಸತಕ್ಕವನು, ನಾನು.

ಅಂಕಿ ಓದುವವನು ಮೊದಲ ಸಲ ಹೊಸಿಲು ದಾಟಿದೆ.
ಷಹತಾಜಳ ಸಿಲಿಂಡರು ಖಾಲಿ, ಒಲೆ ಇದೆ, ಬರೆದೆ.
ಏಳನೇ ಬಾಗಿಲಲ್ಲಿ ಅಣ್ಣತಮ್ಮ,
ಯುಗಾದಿಯಿಂದ ಮಾತಿಲ್ಲ, ಸ್ಟೌ ಮಾತ್ರ ಒಂದೇ.
"ಎಡಗಡೆ ಬರ್ನರು ನಂದು, ಬರ್ಕೊಳಿ" ಅಂದ ತಮ್ಮ.
ನಗು ತಡೆದು ಎರಡು ಬರೆದೆ.
ಹತ್ತು ಬಾಗಿಲು, ಹನ್ನೊಂದು ಒಲೆ.
ಮುನಿಲಕ್ಷ್ಮಮ್ಮನ ಲೆಕ್ಕ ಸರಿ.

ಪೆನ್ನು ಮುಚ್ಚುವಾಗ ಮೆಟ್ಟಿಲ ಕೆಳಗೆ ಕೆಮ್ಮು.
ಬಗ್ಗಿ ನೋಡಿದೆ.
ಚಾಪೆ, ಹಗ್ಗದ ಮೇಲೊಂದು ಸೀರೆ,
ತಟ್ಟೆ ಮುಚ್ಚಿದ ಬಿಂದಿಗೆ, ಮತ್ತು ಆರೋಗ್ಯಮೇರಿ.
ಛತ್ರದಲ್ಲಿ ಪಾತ್ರೆ ಉಜ್ಜುತ್ತಾಳೆ, ಉಳಿದದ್ದು ಉಣ್ಣುತ್ತಾಳೆ.
ಮದುವೆ ಇಲ್ಲದ ತಿಂಗಳು ಬನ್ನು.
"ಒಲೆ?"
"ಇಲ್ಲ ಸಾರ್."
"ನೀರು?"
"ಕುಡಿತೀನಿ" ಅಂದಳು,
ಕದ್ದದ್ದು ಒಪ್ಪಿಕೊಂಡ ಹಾಗೆ.

ಇಷ್ಟು ವರ್ಷದಲ್ಲಿ ಒಂದು ಅಂಕಿ ತಪ್ಪು ಬರೆದವನಲ್ಲ.
ಎರಡು ಸಲ ಪೆನ್ನು ತೆಗೆದೆ, ಮುಚ್ಚಿದೆ.
ಆಗ ಮುನಿಲಕ್ಷ್ಮಮ್ಮ ಒಳಗೆ ಹೋಗಿ,
ಸ್ಟೂಲು ಎಳೆದ ಸದ್ದು, ಏನೋ ಬಿದ್ದ ಸದ್ದು,
ಸೆರಗಿನಲ್ಲಿ ಧೂಳು ಒರೆಸುತ್ತ ಬಂದು
ಮೆಟ್ಟಿಲ ಕೆಳಗೆ ಇಟ್ಟಳು
ತನ್ನ ಕಾಲದ ಹಿತ್ತಾಳೆ ಪಂಪ್ ಸ್ಟೌ.
"ಸೀಮೆಎಣ್ಣೆ ಕೇಳಬ್ಯಾಡಿ" ಅಂದಳು.

ಕೇಳಲಿಲ್ಲ.
ಆಫೀಸಿನಲ್ಲಿ ಕೇಳುತ್ತಾರೆ, ಕೇಳಲಿ.
ಹನ್ನೆರಡು.
ಒಲೆ ನಾನು ಕಣ್ಣಾರೆ ಕಂಡಿದ್ದೇನೆ.